ಮಳೆಯಲ್ಲಿ ಹಾರದ ಕಂಬಳಿವೀರ

9 ಜನವರಿ 2025, ಗುರುವಾರ. ಬೀರೂರು

ಸೊಸೆ ತ್ರಿವೇಣಿ ಬ್ಯಾಂಕಿನವರು ಕೊಟ್ಟ ಈ ಡೈರಿಯನ್ನು ನನ್ನ ಕೈಗಿಟ್ಟು, "ಮಾವ, ಮಾತಾಡ್ಬೇಕು ಅನ್ನಿಸ್ದಾಗೆಲ್ಲ ಇದ್ರಲ್ಲಿ ಬರೀರಿ" ಎಂದಳು. ಇದರ ಅರ್ಥ ನನಗೆ ಆಗುವುದಿಲ್ಲವೇ? ನನ್ನ ತಲೆ ತಿನ್ನಬೇಡಿ, ಕಾಗದದ ತಲೆ ತಿನ್ನಿ ಎಂದು. ಏಳು ತಿಂಗಳ ಹಿಂದಿನವರೆಗೆ ಈ ಮನೆಯಲ್ಲಿ ನನ್ನ ಮಾತು ಕೇಳಲೆಂದೇ ಒಬ್ಬಳಿದ್ದಳು. ಕೇಳುತ್ತಿದ್ದಳೋ ಅಥವಾ ಸುಮ್ಮನೆ ಅವರೆಕಾಳು ಬಿಡಿಸುತ್ತಿದ್ದಳೋ, ಅದು ಬೇರೆ ವಿಷಯ. ಹೌವೆವರ್.

ಇವತ್ತಿನ ವಿಶೇಷವೆಂದರೆ ತ್ರಿವೇಣಿಯ ಫೋನಿಗೆ ಬಂದ ಒಂದು ವಿಡಿಯೊ. ಬೆಂಗಳೂರಿನ ಯಾರೋ ಗಡ್ಡದ ಮಹಾಶಯ ಒಂದು ಹಳೆಯ ಚಿತ್ರಕಥೆ ಪುಸ್ತಕ ಹಿಡಿದುಕೊಂಡು, ಒಂದೊಂದೇ ಪುಟ ಓದಿ ಹೊಟ್ಟೆ ಹಿಡಿದು ನಗುತ್ತಾನೆ. ತಲೆಬರಹ 'ಜಗತ್ತಿನ ಅತಿ ಪೆದ್ದ ಸೂಪರ್ ಹೀರೋ'. ನೋಡಿದವರು ನಾಲ್ಕು ಲಕ್ಷ. ಆ ಪುಸ್ತಕ 'ಕಂಬಳಿವೀರ'. ಬರೆದವರು ತೀರ್ಥಪ್ರಿಯ. ಅಂದರೆ ನಾನು, ಬೀರೂರು ಜಂಕ್ಷನ್ನಿನ ಪಾರ್ಸೆಲ್ ಆಫೀಸಿನ ನಿವೃತ್ತ ಗುಮಾಸ್ತ ತೀರ್ಥಪ್ಪ.

ದಾಖಲೆಗಿರಲಿ. 1987ರಲ್ಲಿ ತರೀಕೆರೆಯ ಯೋಗಾನಂದರು ತಮ್ಮ ಪ್ರೆಸ್ಸಿನಿಂದ ತಿಂಗಳಿಗೊಂದು ಚಿತ್ರಕಥೆ ತರಲು ಹೊರಟರು. ಚಿತ್ರ ನಮ್ಮೂರ ಬೋರ್ಡ್ ಪೇಂಟರ್ ಅಬ್ದುಲ್ ಮಜೀದನದು, ಕಥೆ ನನ್ನದು. ಯಗಟಿ ಕಡೆಯ ಒಬ್ಬ ಕುರಿ ಕಾಯುವವನು. ಹೆಗಲ ಮೇಲಿನ ಕರಿ ಕಂಬಳಿಯನ್ನು ಬಿಚ್ಚಿ ಹರಡಿದರೆ ಹಾರುತ್ತಾನೆ. ಕಳ್ಳ ಸಿಕ್ಕರೆ ಹೊಡೆಯುವುದಿಲ್ಲ. ಕಂಬಳಿ ಹಾಸಿ ಅದರ ಮೇಲೆ ಕೂರಿಸುತ್ತಾನೆ. ಆ ಕಡೆ ಹಿರಿಯರು ನ್ಯಾಯ ತೀರ್ಮಾನ ಮಾಡುವಾಗ ಕಂಬಳಿ ಹಾಸಿಯೇ ಕೂರುವುದು. ಅದರ ಮೇಲೆ ಕೂತವರು ಸುಳ್ಳು ಹೇಳಬಾರದು. ಹೀಗಾಗಿ ಕಳ್ಳ ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ, ಕಥೆ ಮುಗಿಯುತ್ತದೆ. ಹೀರೋಗೆ ಕೊರತೆ ಒಂದೇ: ಮಳೆ ಬಂದರೆ ಹಾರಲಾರ. ದೊಡ್ಡ ನಾಯಕರಿಗೆಲ್ಲ ಇಂಥದೊಂದು ಕೊರತೆ ಇರಬೇಕು, ಅದಕ್ಕೊಂದು ಗ್ರೀಕ್ ಪದವಿದೆ ಎಂದು ನಮ್ಮ ಇಂಗ್ಲಿಷ್ ಲೆಕ್ಚರರು ಹೇಳುತ್ತಿದ್ದರು. 'ಹ'ದಿಂದ ಶುರುವಾಗುತ್ತದೆ. ಎರಡನೇ ಬಿ.ಎ.ಯಲ್ಲಿ ಅದೇ ಪದ ನೆನಪಾಗದೆ ನಾನು ಇಂಗ್ಲಿಷಿನಲ್ಲಿ ಫೇಲಾದೆ. ಅದೊಂದರಿಂದಲೇ ಎಂದು ಹೇಳಲಾರೆ.

ಓದುಗರು ನನ್ನ ಹೀರೋಗೆ ಕಂಬಳಿಹುಳ ಎಂದು ಹೆಸರಿಟ್ಟರು. 'ಕಳ್ಳನಿಗೆ ಹಾಸಿ ಕೂರಿಸುತ್ತಾನೆ, ಕಾಫಿ ಕೊಡುವುದೊಂದು ಬಾಕಿ' ಎಂದು ಚಿಕ್ಕಮಗಳೂರಿನಿಂದ ಒಬ್ಬರು ಕಾಗದ ಬರೆದರು. ಹನ್ನೊಂದನೇ ಸಂಚಿಕೆಗೆ ಹುಳ ಸತ್ತಿತು. ಪಾರ್ಸೆಲ್ ಆಫೀಸಿನ ಹಮಾಲಿಗಳು ಮಾತ್ರ ನಾನು ರಿಟೈರ್ ಆಗುವವರೆಗೂ ನನ್ನನ್ನು 'ಹುಳ ಸಾರ್' ಎಂದೇ ಕರೆದರು.

ಆದರೂ ಕಂಬಳಿವೀರ ಎಂಟೈರ್ಲಿ ನನ್ನ ಸೃಷ್ಟಿ. ಇದನ್ನು ಮೊದಲನೇ ದಿನವೇ ಬರೆದಿಡುವುದು ಒಳ್ಳೆಯದು.

14 ಜನವರಿ, ಮಂಗಳವಾರ. ಸಂಕ್ರಾಂತಿ

ಎಳ್ಳುಬೆಲ್ಲದ ನೆಪದಲ್ಲಿ ಯೋಗಾನಂದರ ಮಗಳು ಶ್ರುತಿ ತರೀಕೆರೆಯಿಂದ ಬಂದಿದ್ದಳು. ಅಪ್ಪ ತೀರಿಕೊಂಡ ಮೇಲೆ ಪ್ರೆಸ್ಸನ್ನು ಅವಳೇ ನಡೆಸುತ್ತಾಳೆ. ಮದುವೆ ಕಾರ್ಡು, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ.

"ಅಂಕಲ್, ಕಂಬಳಿವೀರನ್ನ ಮತ್ತೆ ತರೋಣ."

"ಎಲ್ರೂ ನಗ್ತಿದಾರಲ್ಲಮ್ಮಾ."

"ಅದಕ್ಕೇ ಅಂಕಲ್! ನಗೋಕಾದ್ರೂ ನಾಲ್ಕು ಲಕ್ಷ ಜನ ನೋಡಿದಾರೆ. ಅಪ್ಪನ ಕಾಲದಲ್ಲಿ ನಾನೂರು ಜನ ಓದಿರ್ಲಿಲ್ಲ."

ಮಾತಿನಲ್ಲಿ ತಪ್ಪಿಲ್ಲ. ಮರ್ಯಾದೆಯೂ ಇಲ್ಲ. ಇಂಗ್ಲಿಷಿನಲ್ಲಿ ಇದನ್ನು ಪ್ರಾಕ್ಟಿಕಲ್ ಎನ್ನುತ್ತಾರೆ.

ಒಂದು ಫಾರಂ ತಂದಿದ್ದಳು. 'ಈ ಪಾತ್ರ ಹಾಗೂ ಕಥೆಗಳು ಸಂಪೂರ್ಣವಾಗಿ ನನ್ನ ಸ್ವಂತ ಸೃಷ್ಟಿಯೆಂದೂ, ಬೇರಾರಿಗೂ ಇದರಲ್ಲಿ ಪಾಲಿಲ್ಲವೆಂದೂ' ನಾನು ಸಹಿ ಹಾಕಬೇಕು. ಕೆಳಗೆ ಒಬ್ಬ ಸಾಕ್ಷಿ. ಪೆನ್ನು ಸಿಗುತ್ತಿಲ್ಲ, ಆಮೇಲೆ ಕಳಿಸುತ್ತೇನೆ ಎಂದೆ. ತ್ರಿವೇಣಿ ನನ್ನ ಅಂಗಿಯ ಜೇಬನ್ನೇ ನೋಡುತ್ತಿದ್ದಳು. ಅಲ್ಲಿ ಎರಡಿದ್ದವು.

ಸಂಜೆ ಈ ಸೊಸೆ ಇನ್ನೊಂದು ಕೆಲಸ ಮಾಡಿದ್ದಾಳೆ. ಟ್ರಂಕಿನಿಂದ ಅವಳ ಅತ್ತೆಯ ಕರಿ ಕಂಬಳಿ ತೆಗೆದು, ಕೊಡವಿ, ನಾನು ಬರೆಯುವ ಕುರ್ಚಿಗೆ ಹಾಸಿದ್ದಾಳೆ. ಯಗಟಿಯ ತವರಿನವರು ಮದುವೆಗೆ ಕೊಟ್ಟ ಕಂಬಳಿ. "ಬೆಚ್ಚಗಿರುತ್ತೆ, ಕೂತ್ಕೊಂಡು ಬರೀರಿ ಮಾವ" ಎಂದಳು.

ಡೈರಿಯನ್ನು ಫ್ರಿಜ್ಜಿನ ಮೇಲಿಟ್ಟುಕೊಂಡು ನಿಂತು ಬರೆಯುತ್ತಿದ್ದೇನೆ. ನಿಂತಿರುವುದು ಆರೋಗ್ಯಕ್ಕೆ ಒಳ್ಳೆಯದಂತೆ. ಯಾರು ಹೇಳಿದರೆಂಬುದು ಮುಖ್ಯವಲ್ಲ.

22 ಜನವರಿ, ಬುಧವಾರ

ರೈಲು ಹತ್ತಿ ತರೀಕೆರೆಗೆ ಹೋಗಿ ಬಂದೆ. ಪ್ರೆಸ್ಸಿನಲ್ಲಿ ಶ್ರುತಿಯಲ್ಲದೆ ಹರ್ಷಿತ್ ಎಂಬ ಅಜ್ಜಂಪುರದ ಯುವಕನೂ, ಒಂದು ಕಂಪ್ಯೂಟರೂ, ಒಂದು ಬೆಕ್ಕೂ ಇದ್ದವು. ಹರ್ಷಿತನ ಕಾರ್ಡಿನಲ್ಲಿ 'ಕ್ರಿಯೇಟಿವ್ ಡೈರೆಕ್ಟರ್' ಎಂದಿದೆ. ಯಾರನ್ನು ಡೈರೆಕ್ಟ್ ಮಾಡುತ್ತಾನೋ ತಿಳಿಯದು, ಬೆಕ್ಕಂತೂ ಅವನ ಮಾತು ಕೇಳುವುದಿಲ್ಲ.

ಹೊಸ ಕಂಬಳಿವೀರನನ್ನು ತೋರಿಸಿದ. ತೆಂಗಿನ ಮರದ ಬುಡದಂಥ ತೋಳು. ಹೊಟ್ಟೆಯ ಮೇಲೆ ಇಡ್ಲಿ ತಟ್ಟೆಯಂತೆ ಆರು ಗುಳಿ. ಮೂರು ದಿನದಿಂದ ಮಲವಿಸರ್ಜನೆ ಆಗದವನ ಮುಖ. ಬೆನ್ನಿಗೆ ಕರಿ ಚರ್ಮದ ಹೊದಿಕೆ.

"ಕಂಬಳಿ ಎಲ್ಲಪ್ಪಾ?"

"ಕಂಬಳಿ ಕೂಲ್ ಅಲ್ಲ ಸಾರ್."

"ಕೂಲ್ ಅಲ್ಲ ಅಂತ್ಲೇ ಕಣಯ್ಯಾ ಅದನ್ನ ಹೊದಿಯೋದು."

"ಮತ್ತೆ ಆ ಮಳೆ ವೀಕ್‌ನೆಸ್ ತೆಗೀಬೇಕು ಸಾರ್. ಮಳೆಗಂತ್ಲೇ ಇರೋ ಕಂಬಳಿ ಮಳೇಲೇ ಕೆಲ್ಸ ಮಾಡಲ್ಲ ಅಂದ್ರೆ ಲಾಜಿಕ್ ಎಲ್ಲಿದೆ? ವಿಡಿಯೋದಲ್ಲಿ ಜಾಸ್ತಿ ನಕ್ಕಿದ್ದೇ ಅದಕ್ಕೆ."

ನನಗೆ ರೇಗಿತು. "ಮಳೇಲಿ ಕಂಬಳಿ ಇರೋದು ಹಾರೋಕಲ್ಲ, ಹೊದಿಯೋಕೆ. ಇವನು ಅದನ್ನ ಹರಡ್ಕೊಂಡು ಮೇಲೆ ಹಾರ್ತಾ ಇದ್ರೆ ಕೆಳಗಿರೋರು ನೆನೀತಾರೆ" ಎಂದೆ.

ಇಬ್ಬರೂ ನನ್ನತ್ತ ತಿರುಗಿದರು. ಬೆಕ್ಕು ಕೂಡ.

"ಅಂಕಲ್, ಎಷ್ಟ್ ಚೆನ್ನಾಗಿದೆ ಇದು! ಹಿಂದಿನ ಪುಟಕ್ಕೆ ಇದನ್ನೇ ಹಾಕೋಣ. ನಿಮ್ದೇ ಮಾತಾ?" ಎಂದಳು ಶ್ರುತಿ.

"ಮತ್ತಿನ್ಯಾರದು?" ಎಂದೆ. ಸ್ವಲ್ಪ ಜೋರಾಗಿಯೇ ಎಂದೆ.

ಅಂತೂ ಕಂಬಳಿ ಉಳಿಯಿತು, ಮಳೆಯೂ ಉಳಿಯಿತು. ಹರ್ಷಿತ್ ಸೋಲೊಪ್ಪಲಿಲ್ಲ. ಹೀರೋಗೆ ಒಂದು ದುಃಖ ಬೇಕು, ಅವನ ಹೆಂಡತಿ ಸತ್ತಿರಬೇಕು ಎಂದ. "ಎರಡು ಪುಟ ಸಾಕು ಸಾರ್, ಎಮೋಷನಲ್ ಆಗಿ. ನಿಮಗೆ ಸುಲಭ." ಆಗ ಶ್ರುತಿ ಮೇಜಿನ ಕೆಳಗೆ ಅವನ ಕಾಲು ತುಳಿದದ್ದು ನನಗೆ ಕಾಣಿಸಿತು. ಕಾಣದವನಂತೆ ಬೆಕ್ಕಿನ ಜೊತೆ ಮಾತಾಡಿದೆ.

3 ಫೆಬ್ರವರಿ, ಸೋಮವಾರ

ಎರಡು ಪುಟ. ಹನ್ನೆರಡು ದಿನ.

ಮೊದಲನೆಯದರಲ್ಲಿ ಹೀರೋನ ಹೆಂಡತಿಯನ್ನು ರಾಕ್ಷಸ ಕೊಂದ. ಎರಡನೆಯದರಲ್ಲಿ ಬೆಂಕಿ ಬಿತ್ತು. ಮೂರನೆಯದರಲ್ಲಿ ಅವಳು 'ಓ ಮೈ ಡಿಯರ್, ಸೇವ್ ದಿ ವರ್ಲ್ಡ್' ಎಂದು ಕಣ್ಣು ಮುಚ್ಚಿದಳು. ಎಲ್ಲ ಸುಳ್ಳು. ಹೆಂಡತಿಯರು ಹಾಗೆ ಸಾಯುವುದಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿ, "ಟ್ರಂಕಲ್ಲಿರೋ ಕಂಬಳಿನ ಈ ವರ್ಷ ಬಿಸ್ಲಿಗೇ ಹಾಕಿಲ್ಲ ಕಣ್ರೀ, ನುಸಿ ಹಿಡೀತದೆ" ಎನ್ನುತ್ತಾರೆ. "ಹೂಂ, ಹಾಕ್ತೀನಿ ಬಿಡು" ಎಂದು ಗಂಡ ಟೀ ಕುಡಿಯಲು ಹೋಗುತ್ತಾನೆ. ವಾಪಸು ಬರುತ್ತಾನೆ. ಅಷ್ಟೇ.

ಹರ್ಷಿತನಿಗೆ ಫೋನ್ ಮಾಡಿ, ಹೀರೋನ ಹೆಂಡತಿ ಸಾಯುವುದಿಲ್ಲ ಎಂದು ತಿಳಿಸಿದೆ. ಬೇಕಿದ್ದರೆ ನಿನ್ನ ಹೀರೋ ಸಾಯಲಿ ಎಂದೆ.

11 ಫೆಬ್ರವರಿ, ಮಂಗಳವಾರ

ಶ್ರುತಿ ಫಾರಮ್ಮಿಗಾಗಿ ಮೂರು ಸಲ ಫೋನ್ ಮಾಡಿದಳು. ಸಹಿ ಬಾರದೆ ಅಚ್ಚಿಗೆ ಕಳಿಸುವಂತಿಲ್ಲವಂತೆ. ಸಾಕ್ಷಿಗೆಂದು ಮಜೀದನ ಅಂಗಡಿಗೆ ಹೋದೆ. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಸುವವರಿಲ್ಲ. ಆದರೂ ಸ್ಟೇಷನ್ ರಸ್ತೆಯ ಆ ಅಂಗಡಿಯ ಬಾಗಿಲನ್ನು ದಿನಾ ತೆಗೆಯುತ್ತಾನೆ. ಮನೆಯಲ್ಲಿ ಕೂತರೆ ಹೆಂಡತಿ ಸರ್ವರ್ ಬೇಗಂ ಬೆಳ್ಳುಳ್ಳಿ ಸುಲಿಸುತ್ತಾರಂತೆ.

"ಬಾರಯ್ಯಾ ಹುಳ. ಮತ್ತೆ ರೆಕ್ಕೆ ಬಂತಂತೆ?"

"ಸಾಕ್ಷಿ ಹಾಕೋ ಸುಮ್ನೆ."

ಕನ್ನಡಕ ಏರಿಸಿಕೊಂಡು ಬೀದಿಗೆ ಕೇಳುವಂತೆ ಓದಿದ. "'ಬೇರಾರಿಗೂ ಇದರಲ್ಲಿ ಪಾಲಿಲ್ಲ.' ವಾಹ್! ಆ ಹುಳದ ಮುಖ ಬರ್ದಿದ್ ಯಾರು?"

"ನೀನು. ಅದು ಚಿತ್ರ. ಇದು ಕಥೆ ವಿಷ್ಯ."

"ಆಯ್ತು. ಆ 'ಸ್ಟಾಪ್ ಇಟ್, ಅದರ್‌ವೈಸ್ ಐ ಶಲ್ ಬಿ ಆಂಗ್ರಿ' ಅಂತ ಕಿರುಚ್ತಾನಲ್ಲ, ಅದ್ ಯಾರ್ದು?"

"ನಂದು."

"ಮಿಕ್ಕಿದ್ದು?"

ನಾನು ರಸ್ತೆ ನೋಡಿದೆ. ಒಂದು ಲಾರಿ ಹಿಂದಕ್ಕೆ ತಿರುಗಿಸುತ್ತಿದ್ದರು, ನೋಡುವಂತಿತ್ತು.

"ನೋಡು ತೀರ್ಥಪ್ಪ, ಭಾನುವಾರ ಭಾನುವಾರ ನಿಮ್ಮನೇಲಿ ಕೂತು ಚಿತ್ರ ಬರೀತಿದ್ದೋನು ನಾನು. ಅಡಿಗೆಮನೆಯಿಂದ ಟೀ ಬರ್ತಿತ್ತು, ಕಥೆನೂ ಬರ್ತಿತ್ತು. ನೀನು ಎರಡನ್ನೂ ಈ ಕಡೆಗೆ ದಾಟಿಸ್ತಿದ್ದೆ. ಪಾರ್ಸೆಲ್ ಗುಮಾಸ್ತ ಅಲ್ವಾ!"

ಇಂಥ ಮಾತಿಗೆ ಬಿ.ಎ. ಓದಿದವನು ಉತ್ತರ ಕೊಡಬಾರದು. ಕೊಡಲಿಲ್ಲ.

ಅವನು ಒಳಗೆ ಹೋಗಿ ಬಣ್ಣದ ಡಬ್ಬಗಳ ಹಿಂದಿನಿಂದ ಒಂದು ರಟ್ಟು ತಂದ. ಅದಕ್ಕೆ ಅಂಟಿಸಿದ್ದು ಹನ್ನೆರಡನೇ ಸಂಚಿಕೆಗೆಂದು ಬರೆದ ಒಂದೇ ಒಂದು ಪುಟ. ಜೋರು ಮಳೆ. ಯಾರದೋ ಮನೆಯ ಜಗಲಿಯ ಮೇಲೆ ಕಂಬಳಿವೀರ ಕಂಬಳಿಯನ್ನು ಕೊಪ್ಪೆ ಮಾಡಿ ತಲೆ ಮೇಲಿನಿಂದ ಹೊದ್ದು ಕುಕ್ಕರಗಾಲಲ್ಲಿ ಕೂತಿದ್ದಾನೆ. ಪಕ್ಕದಲ್ಲಿ ನೆನೆದು ನಡುಗುವ ಕಳ್ಳ. ಕಂಬಳಿವೀರ ಕಂಬಳಿಯ ಒಂದು ಅಂಚನ್ನು ಅವನತ್ತ ಎತ್ತಿ ಹಿಡಿದಿದ್ದಾನೆ. ಇಬ್ಬರ ತಲೆಯ ಮೇಲೂ ಮಾತಿನ ಗುಳ್ಳೆಗಳಿವೆ. ಒಳಗೆ ಏನೂ ಇಲ್ಲ.

"ಮಾತು ನೀನು ತಂದ್ಕೊಡ್ತೀನಿ ಅಂದೆ. ತರ್ಲೇ ಇಲ್ಲ" ಎಂದ. "ಇಟ್ಕೋ. ಸಾಕ್ಷಿ ಮಾತ್ರ ನಾನು ಹಾಕಲ್ಲ ಕಣಪ್ಪಾ. ಅಲ್ಲಾನ ಮುಂದೆ ನಿಲ್ಬೇಕು, ಆಯಮ್ಮನೂ ಅಲ್ಲೇ ಇರ್ತಾರೆ."

ಎದುರು ಟೀ ಅಂಗಡಿಯವನು ಸಾಕ್ಷಿ ಹಾಕಿದ. ಏನೆಂದು ಓದಲೂ ಇಲ್ಲ. ಒಳ್ಳೆಯ ಮನುಷ್ಯ. ಅವನ ಕಟ್ಟೆಯ ಮೇಲೆ ಫಾರಂ ಇಟ್ಟು, ನಿಂತೇ ಸಹಿ ಮಾಡಿ ಅಂಚೆಗೆ ಹಾಕಿದೆ.

20 ಫೆಬ್ರವರಿ, ಗುರುವಾರ

ಇದನ್ನು ಬರೆಯುವುದಿಲ್ಲ ಎಂದುಕೊಂಡಿದ್ದೆ. ಆದರೆ ಆ ಪುಟವನ್ನು ಎಲ್ಲಿಟ್ಟರೂ ಕಣ್ಣಿಗೆ ಬೀಳುತ್ತದೆ. ಮಂಚದ ಕೆಳಗಿಟ್ಟರೆ ತ್ರಿವೇಣಿ ಕಸ ಗುಡಿಸುವಾಗ ತೆಗೆದು ಮೇಜಿನ ಮೇಲಿಡುತ್ತಾಳೆ, ಬೀರುವಿನ ಮೇಲಿಟ್ಟರೆ ಮಗ ಮೋಹನ್ ಏನೋ ಹುಡುಕುತ್ತ ಕೆಳಗೆ ಬೀಳಿಸುತ್ತಾನೆ.

1988, ಆಷಾಢ. ಅವತ್ತು ಹಮಾಲಿಗಳು ಬೆಂಕಿಪೊಟ್ಟಣದೊಳಗೆ ಜೀವಂತ ಕಂಬಳಿಹುಳ ಇಟ್ಟು, ದಾರ ಕಟ್ಟಿ, ಚೀಟಿ ಅಂಟಿಸಿ, ತೂಕ ಸಮೇತ ಬರೆದು, ನನ್ನ ಹೆಸರಿಗೆ ಪಾರ್ಸೆಲ್ ಮಾಡಿ ಮೇಜಿನ ಮೇಲಿಟ್ಟಿದ್ದರು. ನಾನು ಅದನ್ನು ರಿಜಿಸ್ಟರಿನಲ್ಲಿ ಹತ್ತಿಸಿ, ಆಮೇಲೆ ಬಿಚ್ಚಿದೆ. ಇಡೀ ಪ್ಲಾಟ್‌ಫಾರಂ ನಕ್ಕಿತು. ಸ್ಟೇಷನ್ ಮಾಸ್ಟರು ಕೂಡ.

ಮನೆಗೆ ಬಂದಾಗ ನನ್ನ ಹೆಂಡತಿ ಹುಲಿಯಮ್ಮ ಕಂಬಳಿಯ ಮೇಲೆ ಕೂತು ಒಣ ಅವರೆಕಾಯಿ ಬಿಡಿಸುತ್ತಿದ್ದಳು. ಮುಖ ಅರಳಿತ್ತು. "ಬಂದ್ರಾ? ಹನ್ನೆರಡ್ನೇದು ಹೊಳೀತು ಕಣ್ರೀ. ಮಳೆ ಬಂತು ಅನ್ಕಳಿ. ಇವ್ನೂ ಕಳ್ಳನೂ ಒಂದೇ ಜಗಲಿ ಮ್ಯಾಲೆ. ಮಳೇಲಿ ಕಂಬ್ಳಿ ಹಾರಾಕಲ್ಲ, ಹೊದಿಯಾಕೆ. ಇವ್ನು ಹಾರ್ತಾ ಇದ್ರೆ ಕೆಳಗಿರೋರು ನೆನೀತಾರೆ. ಅದ್ಕೆ ಇವ್ನು ಏನ್ಮಾಡ್ತಾನೆ ಅಂದ್ರೆ, ಕಂಬ್ಳಿ ಎತ್ತಿ ಕಳ್ಳಂಗೂ ಹೊದಿಸ್ತಾನೆ. ಆಗ..."

ಅಷ್ಟರಮಟ್ಟಿಗೆ ಮಜೀದನಿಗೆ ಕಿಟಕಿಯಿಂದಲೇ ಕೂಗಿ ಹೇಳಿದ್ದಳಂತೆ. ಉಳಿದದ್ದನ್ನು ಮೊದಲು ನನಗೆ ಹೇಳಬೇಕೆಂದು ಇಟ್ಟುಕೊಂಡಿದ್ದಳು.

ನಾನು ಅಂದೆ, "ಸಾಕು ನಿಲ್ಸು. ನಿನ್ನ ಕುರಿ ಕಥೆಯಿಂದ ನನ್ನ ಮಾನ ಹೋಯ್ತು."

"ಆಯ್ತು ಬಿಡಿ" ಎಂದಳು. ಎದ್ದು ಕಂಬಳಿಯನ್ನು ಕೊಡವಿ ಮಡಿಚಿ ಟ್ರಂಕಿಗೆ ಹಾಕಿದಳು. ಆಮೇಲೆ ಮೂವತ್ತಾರು ವರ್ಷ ಅವಳು ಕಥೆ ಹೇಳಲಿಲ್ಲ. ನಾನು ಮಾತಾಡುತ್ತಿದ್ದೆ, ಅವಳು ಅವರೆಕಾಳು ಬಿಡಿಸುತ್ತಿದ್ದಳು.

ಮೊದಲ ಸಂಚಿಕೆಯ ಹೊತ್ತಿಗೆ ಯೋಗಾನಂದರು ಕೇಳಿದ್ದರು, ಮನೆಯವರ ಹೆಸರನ್ನೂ ಹಾಕೋಣವೇ ಎಂದು. 'ಹುಲಿಯಮ್ಮ ಅಂತ ಹಾಕಿದ್ರೆ ಮಕ್ಕಳು ಹೆದರ್ಕೊಂಡು ಪುಸ್ತಕ ಮುಟ್ಟಲ್ಲ ಸಾರ್' ಎಂದು ನಗಿಸಿದ್ದೆ. ಅವಳೂ ನಕ್ಕಿದ್ದಳು. ನಕ್ಕಳೆಂದೇ ನನ್ನ ನೆನಪು.

ಆನ್ ದಿ ಅದರ್ ಹ್ಯಾಂಡ್, ಹುಳ ಅನ್ನಿಸಿಕೊಂಡವನು ನಾನು. ಒಂದು ಬೈಗುಳವನ್ನೂ ಅವಳ ಬಾಗಿಲಿಗೆ ಹೋಗಗೊಡಲಿಲ್ಲ. ಇದನ್ನೂ ಗಮನಿಸಬೇಕು. ಯಾರು ಗಮನಿಸಬೇಕೋ ಗೊತ್ತಿಲ್ಲ.

ಈ ಪುಟವನ್ನು ಹರಿಯಬೇಕು. ನಾಳೆ ಹರಿಯುತ್ತೇನೆ. ನಿಂತು ನಿಂತು ಕಾಲು ಊದಿದೆ.

2 ಮಾರ್ಚ್, ಭಾನುವಾರ

ಪುಸ್ತಕ ಬಂತು. ಆರುನೂರು ಪ್ರತಿ ಅಚ್ಚಾಗಿದೆಯಂತೆ. ಮುಖಪುಟದಲ್ಲಿ ದಪ್ಪಕ್ಷರದಲ್ಲಿ 'ಕಥೆ: ತೀರ್ಥಪ್ರಿಯ'. ಹಿಂದಿನ ಪುಟದಲ್ಲಿ ಮಳೆಯ ಮಾತು. ತ್ರಿವೇಣಿ ಪುಸ್ತಕವನ್ನು ಮುಂದೆ ನೋಡಿದಳು, ಹಿಂದೆ ನೋಡಿದಳು, ಒಳಗಿನ ಸಣ್ಣ ಅಕ್ಷರಗಳನ್ನೂ ಬೆರಳಿಟ್ಟು ಓದಿದಳು. "ಚೆನ್ನಾಗಿದೆ ಮಾವ" ಎಂದು ಅಡಿಗೆಮನೆಗೆ ಹೋದಳು. ಸಾರಿಗೆ ಉಪ್ಪಿರಲಿಲ್ಲ.

ಮುಂದಿನ ಭಾನುವಾರ ಅಜ್ಜಂಪುರದಲ್ಲಿ ಬಿಡುಗಡೆ. ಆಹ್ವಾನ ಪತ್ರಿಕೆಯ ಕೊನೆಯ ಸಾಲು: 'ಸತ್ಯದ ಕಂಬಳಿಯ ಮೇಲೆ ಲೇಖಕರೊಂದಿಗೆ ಪ್ರಶ್ನೋತ್ತರ'. ಹರ್ಷಿತನ ತಲೆಯಿಂದ ಬಂದದ್ದು. ಆ ತಲೆಯನ್ನು ಒಂದು ಸಲ ಚೆನ್ನಾಗಿ ಕುಟ್ಟಬೇಕು. ನೆಗಡಿ ಬರುವ ಹಾಗಿದೆ ಎಂದು ಶ್ರುತಿಗೆ ಈಗಲೇ ಹೇಳಿಟ್ಟಿದ್ದೇನೆ.

9 ಮಾರ್ಚ್, ಭಾನುವಾರ

ನೆಗಡಿ ಬರಲಿಲ್ಲ. ಹೋಗಲೇಬೇಕಾಯಿತು.

ಬೆಳಗಿನ ರೈಲಿಗೆ ನಾನು, ತ್ರಿವೇಣಿ, ಮಜೀದ್. ಕಲ್ಯಾಣ ಮಂಟಪದ ಬಾಗಿಲಲ್ಲಿ ಹಿಂದಿನ ದಿನದ ಮದುವೆಯ ಬಾಳೆಕಂದು ಹಾಗೇ ಇತ್ತು, ಹೀಗಾಗಿ ಕಾರ್ಯಕ್ರಮಕ್ಕೆ ಕಳೆ ಬಂದಿತ್ತು. ಮುಖ್ಯ ಅತಿಥಿಗಳು ಪುಸ್ತಕ ಓದಿರಲಿಲ್ಲ. ಅದನ್ನು ಮುಚ್ಚಿಡುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. "ಕಂಬಳಿಹುಳ ನಮ್ಮ ನಾಡಿನ ಹೆಮ್ಮೆ" ಎಂದು ಎರಡು ಸಲ ಹೇಳಿದರು. ಜನ ಎರಡು ಸಲವೂ ಚಪ್ಪಾಳೆ ತಟ್ಟಿದರು.

ಆಮೇಲೆ ವೇದಿಕೆಯ ಮೇಲೆ ಸತ್ಯದ ಕಂಬಳಿ ಹಾಸಿದರು. ನೋಡಿದೆ. ಫೋನಿನಲ್ಲಿ ತರಿಸಿದ ಪಾಲಿಯೆಸ್ಟರ್ ಬ್ಲಾಂಕೆಟ್. ಕೆಂಪು ಬಣ್ಣ, ನಡುವೆ ಬಾಯಿ ತೆರೆದ ಒಂದು ದೊಡ್ಡ ಹುಲಿ.

"ಹರ್ಷಿತಾ, ಇದು ಕಂಬಳಿನೇನಯ್ಯಾ?"

"ಫೋಟೋದಲ್ಲಿ ಗೊತ್ತಾಗಲ್ಲ ಸಾರ್."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಕುರಿಯ ಉಣ್ಣೆಯಲ್ಲ. ಕಂಬಳಿ ನೇಯುವವರು ಹಚ್ಚುವ ಹುಣಸೆಬೀಜದ ಗಂಜಿ ಕಂಡಿಲ್ಲ. ಯಾವ ಹಿರಿಯರೂ ಇದರ ಮೇಲೆ ಕೂತು ನ್ಯಾಯ ಹೇಳಿಲ್ಲ. ಇದರ ಮೇಲೆ ಎಷ್ಟು ಸುಳ್ಳು ಬೇಕಾದರೂ ಹೇಳಬಹುದು, ಲೀಗಲಿ ಕರೆಕ್ಟ್. ಚಕ್ಕಂಬಕ್ಕಳ ಹಾಕಿ ನೆಮ್ಮದಿಯಾಗಿ ಕೂತೆ.

ಒಬ್ಬ ಕೇಳಿದ, ಹೀರೋ ಕಂಬಳಿ ಒಗೆಯುತ್ತಾನಾ? ಇನ್ನೊಬ್ಬ, ಅವನಿಗೆ ತುರಿಕೆ ಆಗುವುದಿಲ್ಲವಾ? ಎಲ್ಲರಿಗೂ ಜಾಣ ಉತ್ತರ ಕೊಟ್ಟೆ. ಮಧ್ಯೆ ಇಂಗ್ಲಿಷೂ ಬಂತು. ಆಗ ಮೂರನೇ ಸಾಲಿನಿಂದ ಪಂಚನಹಳ್ಳಿಯ ಒಬ್ಬ ಹೆಂಗಸು ಎದ್ದು ನಿಂತರು. ಕೈಯಲ್ಲಿ ಪುಸ್ತಕ, ಹಿಂದಿನ ಪುಟ ಮೇಲೆ.

"ಸಾರ್, ಕೆಳಗಿರೋರು ನೆನೀತಾರೆ ಅಂತ ಬರ್ದಿದೀರಲ್ಲ, ಇದು ನಮ್ಮಜ್ಜಿ ಮಾತಿನಂಗೈತೆ. ತಪ್ ತಿಳ್ಕಬ್ಯಾಡಿ, ಗಂಡಸ್ರಿಗೆ ಇಂಥದ್ದೆಲ್ಲಿ ಹೊಳೀತದೆ? ಯಾರ್ ಹೇಳ್ಕೊಟ್ಟಿದ್ದು?"

ಸಭೆ ನಕ್ಕಿತು. ನಾನೂ ನಕ್ಕು, ಮೈಕು ಹತ್ತಿರ ತಂದುಕೊಂಡು, ಸಿದ್ಧವಿದ್ದ ಉತ್ತರಕ್ಕೆ ಬಾಯಿ ತೆರೆದೆ. "ಹುಲಿಯಮ್ಮ" ಎಂದೆ.

ಜನ ನನ್ನ ಕೆಳಗಿದ್ದ ಬ್ಲಾಂಕೆಟ್ಟಿನ ಹುಲಿಯನ್ನು ನೋಡಿ ಗೊಳ್ಳೆಂದರು. ಮುಖ್ಯ ಅತಿಥಿಗಳು ತೊಡೆ ತಟ್ಟಿಕೊಂಡರು.

ಅಲ್ಲಿಗೇ ಬಿಡಬಹುದಿತ್ತು. ತಮಾಷೆ ಎಂದು ಮುಗಿದುಹೋಗುತ್ತಿತ್ತು. "ನಗಬೇಡಿ, ನನ್ನ ಹೆಂಡತಿ ಹೆಸರು" ಎಂದೆ. ಮೈಕು ಕುಯ್ಯೆಂದಿತು. "ಕಂಬಳಿವೀರ ಅವಳವನು. ಹನ್ನೊಂದು ಕಥೆಯೂ ಅವಳದೇ. 'ಐ ಶಲ್ ಬಿ ಆಂಗ್ರಿ' ಮಾತ್ರ ನನ್ನದು. ನೀವು ವಿಡಿಯೊ ನೋಡಿ ನಕ್ಕಿದ್ದು ಬಹುತೇಕ ನನ್ನ ಭಾಗಕ್ಕೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾವುದಕ್ಕೆ ತಟ್ಟಬೇಕೆಂದು ಅವರಿಗೆ ಗೊತ್ತಾಗಿರಲಿಕ್ಕಿಲ್ಲ. ಶ್ರುತಿಯ ಮುಖ ಫಾರಮ್ಮಿನಂತೆ ಬೆಳ್ಳಗಾಗಿತ್ತು. ಹಿಂದಿನ ಸಾಲಿನಲ್ಲಿ ಮಜೀದ್ ಟೋಪಿ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡ. ಆ ಹೆಂಗಸು ಮಾತ್ರ, "ಅದೇ ಅನ್ಕಂಡೆ" ಎಂದು ಕೂತರು.

ವಾಪಸು ರೈಲಿನಲ್ಲಿ ತ್ರಿವೇಣಿ ಹೇಳಿದಳು. "ಅತ್ತೆ ನಂಗೆ ಹೇಳಿದ್ರು ಮಾವ. ನಾನು ಮದ್ವೆಯಾಗಿ ಬಂದ ವರ್ಷಾನೇ."

"ಮತ್ತೆ ಯಾಕಮ್ಮಾ ಸುಮ್ನಿದ್ದೆ? ಒಂದು ಮಾತು ಕೇಳ್ಬೋದಿತ್ತಲ್ಲ."

"ನಿಮ್ಮ ಕುರ್ಚಿಗೆ ಕಂಬಳಿ ಹಾಸಿದ್ನಲ್ಲ."

ಈಗ ಯೋಚಿಸಿದರೆ ನನ್ನದು ಶುದ್ಧ ದಡ್ಡತನ. ಅದು ಪಾಲಿಯೆಸ್ಟರ್. ಧಾರಾಳವಾಗಿ ಸುಳ್ಳು ಹೇಳಬಹುದಿತ್ತು. ಯಾಕೆ ಹೇಳಲಿಲ್ಲವೋ ಗೊತ್ತಾಗುತ್ತಿಲ್ಲ. ಮಂಟಪದಲ್ಲಿ ಫ್ಯಾನ್ ಇರಲಿಲ್ಲ, ತಲೆ ತಿರುಗಿರಬೇಕು.

16 ಮಾರ್ಚ್, ಭಾನುವಾರ

"ಬೈಯೋಣ ಅಂತ್ಲೇ ಬಂದೆ ಅಂಕಲ್" ಎಂದಳು ಶ್ರುತಿ. ಬೈದಳು ಕೂಡ. ನಾನು ಸಹಿ ಮಾಡಿದ್ದ ಫಾರಮ್ಮನ್ನು ನನ್ನ ಕೈಯಲ್ಲೇ ಹರಿಸಿದಳು. ಆಮೇಲೆ ಆಟೊದಿಂದ ಮಾರದೆ ಉಳಿದ ಐನೂರು ಪುಸ್ತಕ ಮತ್ತು ಒಂದು ಪೊಟ್ಟಣ ಇಳಿಸಿದಳು. ಪೊಟ್ಟಣದಲ್ಲಿ ಸಣ್ಣ ಚೀಟಿಗಳು: 'ಕಥೆ: ಹುಲಿಯಮ್ಮ'. ನನ್ನ ಹೆಸರಿನ ಮೇಲೆ ನಾನೇ ಅಂಟಿಸಬೇಕಂತೆ, ಅದೇ ಶಿಕ್ಷೆ.

ಅವಳ ಜೊತೆ ಬಂದಿದ್ದ ಹರ್ಷಿತ್ ಚೀಟಿ ಹಿಡಿದು, "ಸಾರ್, ಹುಲಿಯಮ್ಮ! ಎಂಥ ಕೂಲ್ ಹೆಸರು ಸಾರ್!" ಎಂದ. ಈ ಮಹಾನುಭಾವ ಮೂವತ್ತೆಂಟು ವರ್ಷ ಮೊದಲೇ ಹುಟ್ಟಬಾರದಿತ್ತೇ?

ಮಜೀದ್ ಬಂದು ಒಂದೊಂದನ್ನೂ ಕಣ್ಣಳತೆಯಲ್ಲಿ ನೋಡಿ, "ಸೊಟ್ಟಗೆ ಅಂಟಿಸ್ಬೇಡ್ವೋ, ಬೋರ್ಡ್ ಬರೆಯೋರಿಗೆ ಅವಮಾನ" ಎಂದು ನೂರು ಸಲ ತೆಗೆಸಿ ಅಂಟಿಸಿದ. ತೀರ್ಥಪ್ರಿಯ ಐನೂರು ಸಲ ಮುಚ್ಚಿಹೋದ. ಸಾಯಂಕಾಲದ ಹೊತ್ತಿಗೆ ಅಭ್ಯಾಸವಾಗಿತ್ತು.

ಕೂತೇ ಅಂಟಿಸಿದೆ. ಐನೂರು ಪುಸ್ತಕಕ್ಕೆ ನಿಂತು ಅಂಟಿಸಲಾಗುತ್ತದೆಯೇ? ಕುರ್ಚಿ ಇದ್ದದ್ದೂ ಕಂಬಳಿ ಹಾಸಿದ್ದ ಅದೊಂದೇ. ತೊಡೆಗೆ ಸ್ವಲ್ಪ ಚುಚ್ಚುತ್ತದೆ.

12 ಜೂನ್, ಗುರುವಾರ

ನಿನ್ನೆಗೆ ವರ್ಷವಾಯಿತು. ಅದರ ಬಗ್ಗೆ ಬರೆಯುವುದೇನೂ ಇಲ್ಲ. ಅವರೆಕಾಳು ಹುಳಿ ಮಾಡಿಸಿದ್ದೆವು. ಅವಳ ಕೈಯ ಹಾಗಿರಲಿಲ್ಲ. ತ್ರಿವೇಣಿಯೇ ಒಪ್ಪಿಕೊಂಡಳು.

ಇವತ್ತು ಒಂದು ಕಾಗದ ಬಂತು. 'ಶ್ರೀಮತಿ ಹುಲಿಯಮ್ಮನವರಿಗೆ' ಎಂದು ವಿಳಾಸ. ಅಂಚೆಯವನು ಒಂದು ಕ್ಷಣ ನನ್ನ ಮುಖ ನೋಡಿ, ಕೊಟ್ಟು ಹೋದ. ಬರೆದವಳು ಪಂಚನಹಳ್ಳಿಯ ಮೆಹನಾಜ್, ಐದನೇ ಕ್ಲಾಸು.

'ಅಜ್ಜಿ, ನಿಮ್ಮ ಹೀರೋ ಸ್ವಲ್ಪ ಪೆದ್ದ. ಕ್ಲಾಸಿನಲ್ಲಿ ಎಲ್ಲರೂ ಅವನಿಗೆ ಕಂಬಳಿಹುಳ ಅನ್ನುತ್ತಾರೆ. ನಾನೂ ಅನ್ನುತ್ತೇನೆ. ಆದರೂ ನನಗೆ ಇಷ್ಟ. ಮಳೆಗಾಲ ಪೂರ್ತಿ ಅವನು ಹಾರದಿದ್ದರೆ ಕಳ್ಳರನ್ನು ಹಿಡಿಯುವವರು ಯಾರು? ಬೇಗ ಬರೆಯಿರಿ. ನಮ್ಮೂರಲ್ಲಿ ಮಳೆ ಶುರುವಾಗಿದೆ.'

ನೋಡಿ, ಈಗ ಹುಳ ಅನ್ನುವುದೂ ನೇರ ಅವಳಿಗೇ ಬರುತ್ತಿದೆ. ಅವಳಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಮಧ್ಯಾಹ್ನವೆಲ್ಲ ಉತ್ತರ ಬರೆದೆ. ಮೊದಲ ಉತ್ತರದಲ್ಲಿ ಕಳ್ಳ ಕಂಬಳಿಯೊಳಗೆ ಪಶ್ಚಾತ್ತಾಪದಿಂದ ಅತ್ತ. ಎರಡನೆಯದರಲ್ಲಿ ಒಳ್ಳೆಯ ಇಂಗ್ಲಿಷಿನಲ್ಲಿ ಅತ್ತ. ಎರಡನ್ನೂ ಹರಿದೆ. ಈ ಕಂಬಳಿಯ ಮೇಲೆ ಕೂತು ಬರೆಯಲು ಹೊರಟರೆ ಇದೇ ತಾಪತ್ರಯ, ಕೈ ಓಡುವುದಿಲ್ಲ. ನಾಯಕನ ಕೊರತೆಗಿರುವ ಆ ಗ್ರೀಕ್ ಪದವೂ ನೆನಪಾಗಲಿಲ್ಲ. ಆದರೆ ಅದು ಕಂಬಳಿವೀರನಿಗೆ ಸೇರಿದ್ದಲ್ಲ, ಇಷ್ಟು ದಿನ ತಪ್ಪು ವಿಳಾಸಕ್ಕೆ ಕಳಿಸುತ್ತಿದ್ದೆ ಅನ್ನಿಸುತ್ತದೆ.

ಕೊನೆಗೆ ಕಳಿಸುತ್ತಿರುವುದು ಇಷ್ಟು:

'ಮಗೂ ಮೆಹನಾಜ್, ನಾನು ಹುಲಿಯಮ್ಮನ ಗಂಡ. ಅಜ್ಜಿ ಈಗಿಲ್ಲ. ನೀನು ಕೇಳಿದ ಕಥೆಯನ್ನು ಅವಳು ನನಗೆ ಹೇಳಲು ಶುರು ಮಾಡಿದ್ದಳು. ನಾನು ಕೇಳಲಿಲ್ಲ. ಹೀಗಾಗಿ ಮುಂದೇನಾಯಿತೋ ನನಗೆ ಗೊತ್ತಿಲ್ಲ. ಆ ಕಥೆಯ ಒಂದು ಪುಟದ ಜೆರಾಕ್ಸ್ ಇಟ್ಟಿದ್ದೇನೆ. ಮಾತಿನ ಗುಳ್ಳೆಗಳು ಖಾಲಿ ಇವೆ. ಜಗಲಿಯ ಮೇಲೆ ಅವರಿಬ್ಬರು ಏನು ಮಾತಾಡಿಕೊಂಡರು ಎಂದು ನಿನಗೆ ಅನ್ನಿಸುತ್ತದೆ? ಬರೆದು ಕಳಿಸು. ಈ ಸಲ ಪೂರ್ತಿ ಕೇಳುತ್ತೇನೆ.'

ಐದೂವರೆಯ ಟಪಾಲು ಹೋಗುವುದರೊಳಗೆ ಸ್ಟೇಷನ್ ಹತ್ತಿರದ ಡಬ್ಬಿಗೆ ಹಾಕಬೇಕು. ಹೊರಗೆ ಮಳೆ ಹಿಡಿದುಕೊಂಡಿದೆ. ಮನೆಯಲ್ಲಿದ್ದ ಒಂದೇ ಕೊಡೆಯನ್ನು ತ್ರಿವೇಣಿ ತೆಗೆದುಕೊಂಡು ಹೋಗಿದ್ದಾಳೆ. ಕುರ್ಚಿಯ ಮೇಲೆ ಕಂಬಳಿ ಇದೆ. ಕೊಪ್ಪೆ ಮಾಡುವುದು ಹೇಗೆಂದು ಮಜೀದನ ಚಿತ್ರ ನೋಡಿ ಎರಡು ಸಲ ಮಡಿಚಿದೆ, ಮೂರನೇ ಸಲಕ್ಕೆ ತಲೆಯ ಮೇಲೆ ನಿಂತಿತು. ಇದನ್ನು ಹೊದ್ದುಕೊಂಡು ಸ್ಟೇಷನ್ ರಸ್ತೆಯಲ್ಲಿ ಹೋದರೆ ಹಮಾಲಿಗಳು ಏನೆಂದು ಕೂಗುತ್ತಾರೆಂದು ನನಗೆ ಚೆನ್ನಾಗಿ ಗೊತ್ತು.

ಕೂಗಲಿ. ಕಾಗದ ನೆನೆಯಬಾರದು.